2 ಅಡಿ ಉಪ್ಪುನೀರಿನ ಟ್ಯಾಂಕ್‌ಗೆ ಮನೆಯಲ್ಲೇ ಫಿಲ್ಟರ್ ಮಾಡುವುದು ಹೇಗೆ?

ಮಲ್ಪೆ_ಬದಿ:
24×12×15 ಇಂಚಿನ ಟ್ಯಾಂಕ್ ಉಂಟು, ಮರಳು ಹಾಕಿದ ಮೇಲೆ 60 ಲೀಟರ್ ನೀರು ಹಿಡಿದೀತು. ಎರಡು ಕ್ಲೌನ್ ಮೀನು ಮಾತ್ರ. ಕ್ಯಾನಿಸ್ಟರ್ ಫಿಲ್ಟರ್ ನನ್ನ ಬಜೆಟಿಗೆ ಆಗುವುದಿಲ್ಲ (ಟ್ಯಾಂಕಿನ ಹೊರಗಿಡುವ ಮುಚ್ಚಿದ ಡಬ್ಬಿಯ ಫಿಲ್ಟರ್). ಟ್ಯಾಂಕಿನ ಮೇಲೆ ಡಬ್ಬಿ ಇಟ್ಟು ನೀರು ಸುರಿಸುವ ಫಿಲ್ಟರ್ ಮಾಡಿದರೆ ಸಾಕಾ? ಪಂಪ್ ಎಷ್ಟರದ್ದು ಬೇಕು? ನೀರು ಮಲ್ಪೆಯ ಕಡಲಿನಿಂದಲೇ ತಂದರೆ ಆಗ್ತದಾ?

ಪೈಪ್‌ಪಂಡಿತ:
ಧಾರಾಳ ಸಾಕು. ಕರೆಂಟ್ ಹೋಗುವ ನಮ್ಮೂರಿಗೆ ಕ್ಯಾನಿಸ್ಟರ್‌ಗಿಂತ ಇದೇ ವಾಸಿ. ಮುಚ್ಚಿದ ಕ್ಯಾನಿಸ್ಟರ್‌ನಲ್ಲಿ ನೀರು ನಿಂತರೆ ಕೆಲವೇ ಗಂಟೆಗಳಲ್ಲಿ ಆಮ್ಲಜನಕ ಮುಗಿದು, ಮೀನಿನ ಹೊಲಸಿನ ಅಮೋನಿಯಾವನ್ನು ತಿನ್ನುವ ಬ್ಯಾಕ್ಟೀರಿಯಾ ಸಾಯುತ್ತವೆ. ತೆರೆದ ಡಬ್ಬಿಯಲ್ಲಿ ಒದ್ದೆಯೂ ಇರುತ್ತದೆ, ಗಾಳಿಯೂ ಆಡುತ್ತದೆ.

10 ಲೀಟರಿನ ಫುಡ್‌ಗ್ರೇಡ್ ಡಬ್ಬಿ ತೆಗೆದುಕೊಳ್ಳಿ. ತಳಕ್ಕೆ 1 ಇಂಚಿನ ಟ್ಯಾಂಕ್ ನಿಪ್ಪಲ್ (ತೂತಿಗೆ ಕೂರಿಸಿ ಪೈಪ್ ಜೋಡಿಸುವ ತುಂಡು) ಕೂರಿಸಿ. ಅಂಚಿನಿಂದ 2 ಇಂಚು ಕೆಳಗೆ ಇನ್ನೊಂದು 1 ಇಂಚಿನದ್ದು, ಅದರ ಪೈಪ್ ಕೂಡ ಟ್ಯಾಂಕಿಗೇ ಬೀಳಬೇಕು. ಈ ಎರಡನೆಯದನ್ನು ಬಿಡಬೇಡಿ ಮಾರಾಯ್ರೆ. ಕಸ ಸೋಸುವ ಹತ್ತಿ ಕಟ್ಟಿಕೊಂಡ ದಿನ ನೀರು ಇಳಿಯುವುದಿಲ್ಲ, ಪಂಪ್ ಮಾತ್ರ ಎತ್ತುತ್ತಲೇ ಇರುತ್ತದೆ, ಬೆಳಿಗ್ಗೆ ಏಳುವಾಗ ಅರ್ಧ ಟ್ಯಾಂಕ್ ನೆಲದಲ್ಲಿ.

ನೀರು ಬರುವ ಕಡೆ ಅರ್ಧ ಇಂಚಿನ ಪಿವಿಸಿ ಪೈಪಿಗೆ 2 ಸೆಂ.ಮೀ. ಅಂತರದಲ್ಲಿ 3 ಮಿ.ಮೀ. ತೂತುಗಳು. ಅದರ ಕೆಳಗೆ 2 ಇಂಚು ಫಿಲ್ಟರ್ ಹತ್ತಿ, ಹತ್ತಿಯ ಅಡಿಯಲ್ಲಿ ಜಾಲರಿ ತಟ್ಟೆಯ ಮೇಲೆ ಬ್ಯಾಕ್ಟೀರಿಯಾ ಕೂರಲು 3 ಲೀಟರ್ ಸೆರಾಮಿಕ್ ರಿಂಗ್. ರಿಂಗ್ ನೀರಿನಲ್ಲಿ ಮುಳುಗಿರಬಾರದು, ನೀರು ಮೇಲಿಂದ ಇಳಿದು ಹೋಗಬೇಕು. ದುಡ್ಡು ಉಳಿಸಬೇಕಾದರೆ ಪಾತ್ರೆ ತಿಕ್ಕುವ ಪ್ಲಾಸ್ಟಿಕ್ ನಾರೂ ನಡೆಯುತ್ತದೆ, ಸೋಪ್ ತುಂಬಿದ್ದೂ ಸ್ಟೀಲಿನದ್ದೂ ಅಲ್ಲ. ಕಬ್ಬಿಣದ ಕ್ಲಾಂಪ್, ಹಿತ್ತಾಳೆ ವಾಲ್ವ್ ಎಲ್ಲಿಯೂ ಬೇಡ.

ಗಂಟೆಗೆ 600 ಲೀಟರ್ ಸುರಿಯಬೇಕು. ಪಂಪಿನ ಮೇಲೆ ಬರೆದ ಅಂಕಿ ಎತ್ತರ ಸೊನ್ನೆ ಇರುವಾಗಿನದ್ದು. ಪಂಪ್ ಎಷ್ಟು ಆಳದಲ್ಲಿದೆ ಎನ್ನುವುದು ಲೆಕ್ಕಕ್ಕಿಲ್ಲ, ನೀರಿನ ಮಟ್ಟದಿಂದ ಪೈಪಿನ ಬಾಯಿಯವರೆಗಿನ ಎತ್ತರ ಮಾತ್ರ ಲೆಕ್ಕ. 30 ಸೆಂ.ಮೀ. ಎತ್ತಲು 1.5 ಮೀಟರ್ ಹೆಡ್‌ನ (ಹೆಚ್ಚೆಂದರೆ ಅಷ್ಟು ಎತ್ತರಕ್ಕೆ ನೀರೆತ್ತುವ) 800 ಲೀಟರಿನ ಪಂಪ್ ಸಾಕು.

ಪೈಪ್ ಅಂಟಿಸುವ ಸಾಲ್ವೆಂಟ್ ಹಾಕಿ 24 ಗಂಟೆ ಬಿಡಿ. ಆಮೇಲೆ ಸಿಹಿನೀರಿನಲ್ಲಿ ಓಡಿಸಿ, ಹತ್ತಿಯ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ನೋಡಿ. ಎರಡನೇ ಪೈಪಿನಿಂದ ನೀರೆಲ್ಲ ಇಳಿದರೆ ಪಾಸ್.

ಉಪ್ಪಿನಹುಡಿ:
ಬಂದರಿನ ಬದಿಯ ನೀರು ಬೇಡವೇ ಬೇಡ, ಬೋಟಿನ ಡೀಸೆಲ್ ಇರುತ್ತದೆ. ಅಳಿವೆಯ ಹತ್ತಿರವೂ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗಂತೂ ಹೊಳೆನೀರು ಸೇರಿ ಕರಾವಳಿಯ ನೀರು ಸಪ್ಪೆ, ಕೆಸರು. ಬೇಸಿಗೆಯಲ್ಲಿ ತಂದರೂ 5 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ಮುಚ್ಚಿದ ಡ್ರಮ್‌ನಲ್ಲಿ ಏರ್‌ಸ್ಟೋನ್ (ಗಾಳಿಗುಳ್ಳೆ ಬಿಡುವ ಕಲ್ಲು) ಹಾಕಿ ಎರಡು ವಾರ ಕತ್ತಲೆಯಲ್ಲಿಡಿ. ನನ್ನ ಮಟ್ಟಿಗೆ ಆರ್‌ಒ ನೀರಿಗೆ ಸಮುದ್ರದ ಉಪ್ಪಿನ ಮಿಶ್ರಣ ಹಾಕುವುದೇ ಸುಲಭ: 60 ಲೀಟರಿಗೆ ಸುಮಾರು 2.2 ಕೆ.ಜಿ., ಹೈಡ್ರೋಮೀಟರಿನಲ್ಲಿ (ಉಪ್ಪಿನಂಶಕ್ಕೆ ನೀರಿನ ಸಾಂದ್ರತೆ ಅಳೆಯುವ ಸಾಧನ) 1.025 ತೋರಿಸಬೇಕು. ಅಡುಗೆ ಉಪ್ಪು ಆಗುವುದಿಲ್ಲ. ಮನೆಯ ಆರ್‌ಒ ಮೆಷಿನ್ನಿನಲ್ಲಿ ಟಿಡಿಎಸ್ (ಕರಗಿದ ಲವಣಗಳ) ಕಂಟ್ರೋಲರ್ ಇದ್ದರೆ ಮುಚ್ಚಿಡಿ, ಇಲ್ಲವಾದರೆ ಅದು ಬಾವಿನೀರನ್ನು ಪುನಃ ಬೆರೆಸುತ್ತದೆ.

ಇನ್ನೊಂದು, ಫಿಲ್ಟರಿನೊಳಗೆ ತುಂಬುವ ಮೀಡಿಯಾಕ್ಕೆಂದು ಹವಳದ ತುಂಡು ತರಬೇಡಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿ ಅದಕ್ಕೆ ರಕ್ಷಣೆ ಉಂಟು.

ಮಲ್ಪೆ_ಬದಿ:
ಮರುವಾಯಿ ಚಿಪ್ಪು ಹಾಕಬಹುದಾ? ಹತ್ತಿ ಎಷ್ಟು ದಿನಕ್ಕೊಮ್ಮೆ ತೊಳೆಯಬೇಕು?

ಪೈಪ್‌ಪಂಡಿತ:
ಚಿಪ್ಪು ಕುದಿಸಿ, ಒಳಗಿನ ಮಾಂಸದ ಚೂರು ಪೂರ್ತಿ ತೆಗೆದು ಹಾಕಿ. ಬ್ಯಾಕ್ಟೀರಿಯಾ ಕೂರಲು ಜಾಗವಾಯಿತು, ಅಷ್ಟೆ. 8.2ರ ಪಿಎಚ್‌ನಲ್ಲಿ ಚಿಪ್ಪು ಕರಗುವುದಿಲ್ಲ, ಹಾಗಾಗಿ ಅದು ಪಿಎಚ್ ಕಾಯುತ್ತದೆ ಎಂದು ನಂಬಬೇಡಿ.

ಹತ್ತಿ 3-4 ದಿನಕ್ಕೊಮ್ಮೆ. ಅಲ್ಲಿ ನಿಂತ ಕಸ ಕೊಳೆತು ನೈಟ್ರೇಟ್ ಆಗುತ್ತದೆ. ರಿಂಗನ್ನು ಟ್ಯಾಂಕಿನಿಂದ ತೆಗೆದ ಹಳೇ ನೀರಿನಲ್ಲಿ ಮಾತ್ರ ಅದ್ದಿ ತೆಗೆಯಿರಿ, ನಲ್ಲಿ ನೀರಿನ ಕ್ಲೋರಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಆವಿಯಾದ ನೀರಿಗೆ ಆರ್‌ಒ ಸಿಹಿನೀರನ್ನೇ ತುಂಬಿ, ಯಾಕೆಂದರೆ ಉಪ್ಪು ಟ್ಯಾಂಕಿನಲ್ಲೇ ಉಳಿದಿರುತ್ತದೆ. ನಿಮ್ಮ ಟ್ಯಾಂಕಿನಲ್ಲಿ ಮಟ್ಟ 1 ಸೆಂ.ಮೀ. ಇಳಿದರೆ ಹೋದದ್ದು ಸುಮಾರು 1.8 ಲೀಟರ್.

ಮೀನಿಗೆ ಅವಸರ ಬೇಡ. ಒಂದು ಹಸಿ ಸಿಗಡಿ ಹಾಕಿ ಪಂಪ್ ಓಡಿಸುತ್ತಾ ಇರಿ. ಅದು ಕೊಳೆತು ಅಮೋನಿಯಾ ಏರುತ್ತದೆ, ಬ್ಯಾಕ್ಟೀರಿಯಾ ಬೆಳೆದಂತೆ ಇಳಿಯುತ್ತದೆ, ಹಿಂದೆಯೇ ನೈಟ್ರೈಟ್ ಕೂಡ ಹಾಗೆಯೇ. 4ರಿಂದ 6 ವಾರ ಹಿಡಿಯುತ್ತದೆ. ಟೆಸ್ಟ್ ಕಿಟ್‌ನಲ್ಲಿ ಎರಡೂ ಸೊನ್ನೆ ತೋರಿಸಿದ ಮೇಲೆ ಮೊದಲು ಒಂದೇ ಕ್ಲೌನ್ ಬಿಡಿ.