ಅಪ್ಪನ ಬೆಂಕಿಪೊಟ್ಟಣದ ಲೇಬಲ್ ಪುಸ್ತಕ, ಹೇಗೆ ಉಳಿಸ್ಕೊಳ್ಳೋದು?

ಡೊಂಬಿವಿಲಿಯವ

ಎಲ್ಲರಿಗೂ ನಮಸ್ಕಾರ. ನಮ್ಮಪ್ಪ ಕುಂದಾಪುರ ಕಡೆಯವರು, ಹದಿನೈದು ವರ್ಷಕ್ಕೇ ಮುಂಬೈಗೆ ಬಂದು ಮಾಟುಂಗಾದ ಒಂದು ಹೋಟೆಲಲ್ಲಿ ಕ್ಲೀನರ್ ಆಗಿ ಸೇರಿ ಆಮೇಲೆ ಸಪ್ಲಾಯರ್ ಆಗಿ ಕೊನೆಗೆ ಗಲ್ಲಾದಲ್ಲಿ ಕೂತವ್ರು. ಗಿರಾಕಿಗಳು ಟೇಬಲ್ ಮೇಲೆ ಬಿಟ್ಟು ಹೋದ ಖಾಲಿ ಬೆಂಕಿಪೊಟ್ಟಣ ಇರ್ತದಲ್ಲ, ಅದರ ಲೇಬಲ್ ಬಿಡಿಸಿ ಹೋಟೆಲಿನ ಹಳೇ ಲೆಕ್ಕದ ಪುಸ್ತಕದಲ್ಲಿ ಮೈದಾ ಅಂಟು ಹಾಕಿ ಅಂಟಿಸಿ ಇಟ್ಟಿದ್ದಾರೆ. ಅಪ್ಪ ಹೋಗಿ ಎರಡು ವರ್ಷ ಆಯ್ತು, ಮೊನ್ನೆ ಟ್ರಂಕ್ ತೆಗೆದಾಗ ಮೂರು ಪುಸ್ತಕ ಸಿಕ್ಕಿತು, ಎಣಿಸಿದ್ರೆ 412 ಲೇಬಲ್. ಹಡಗು, ಹುಲಿ, ಕಮಲ, ಗಡಿಯಾರ, ಚೀತಾ ಜೊತೆ ಕುಸ್ತಿ ಆಡೋ ಮನುಷ್ಯ, ಮತ್ತೆ ಅದೇ ಚಿತ್ರ ಸ್ವಲ್ಪ ಬದಲಾಯಿಸಿ ಹೆಸರು ಬೇರೆ ಹಾಕಿದ್ದು ನಾಲ್ಕೈದು! ನೋಡ್ತಾ ಕೂತ್ರೆ ರಾತ್ರಿ ಎರಡು ಗಂಟೆ ಆದದ್ದೇ ಗೊತ್ತಾಗ್ಲಿಲ್ಲ.

ವಿಷಯ ಏನಂದ್ರೆ, ಒಂದು ಲೇಬಲಿನ ಮೂಲೆ ಎದ್ದಿತ್ತು, ಅದರ ಹಿಂದೆ ಪೆನ್ಸಿಲಲ್ಲಿ ಅಪ್ಪನ ಅಕ್ಷರ ಕಾಣ್ತು, "ಟೇಬಲ್ 7, ಮಳೆ" ಅಂತ. ಹಾಗಾದ್ರೆ ಎಲ್ಲದರ ಹಿಂದೆನೂ ಏನಾದ್ರೂ ಬರೆದಿರ್ಬಹುದು. ಬಿಡಿಸೋದು ಹೇಗೆ? ಲ್ಯಾಮಿನೇಷನ್ ಮಾಡಿಸು ಅಂತ ಒಬ್ರು ಹೇಳಿದ್ರು, ಚೋರ್ ಬಜಾರಲ್ಲಿ ಒಬ್ರು ಒಳ್ಳೆ ರೇಟ್ ಕೊಡ್ತೇನೆ ಅಂದ್ರು. ತಿಳಿದವ್ರು ಹೇಳಿ.

ಕಾಗದ ಪ್ರೇಮಿ, ಥಾಣೆ

ಮಾರಾಯ್ರೆ, ದಯವಿಟ್ಟು ಲ್ಯಾಮಿನೇಷನ್ ಮಾಡಿಸ್ಬೇಡಿ! ಬಿಸಿಗೆ ಪ್ಲಾಸ್ಟಿಕ್ ಕಾಗದಕ್ಕೆ ಹಿಡ್ಕೊಂಡ್ರೆ ಮತ್ತೆ ಬಿಡಿಸೋದು ಆಗೋದೇ ಇಲ್ಲ, ಹಿಂದಿನ ಬರಹನೂ ಹೋಯ್ತು ಅಂತಲೇ ಲೆಕ್ಕ. ಸೆಲ್ಲೋಟೇಪ್ ಕೂಡ ಬೇಡ, ಹಳದಿ ಕಲೆ ಬಿದ್ದು ಅಲ್ಲೇ ಕೂರ್ತದೆ.

ಮೈದಾ ಅಂಟು ನೀರಿಗೆ ಮೆತ್ತಗಾಗ್ತದೆ, ಅದು ನಿಮ್ಮ ಅದೃಷ್ಟ. ಆದ್ರೆ ಪುಸ್ತಕನೇ ನೀರಲ್ಲಿ ಮುಳುಗಿಸ್ಬೇಡಿ. ಮೊದ್ಲು ಡೂಪ್ಲಿಕೇಟ್ ಇರೋ ಒಂದು ಲೇಬಲ್ ತಗೊಳ್ಳಿ, ಒದ್ದೆ ಹತ್ತಿ ಒಂದು ಮೂಲೆಗೆ ಮುಟ್ಟಿಸಿ ನೋಡಿ, ಹಳೇ ಕೆಂಪು ಬಣ್ಣ ಬಿಡೋದು ಜಾಸ್ತಿ. ಬಣ್ಣ ಬಿಡ್ಲಿಲ್ಲ ಅಂದ್ರೆ ಪುಟದ ಹಿಂಬದಿಯಿಂದ ನೀರಲ್ಲಿ ನೆನೆಸಿ ಹಿಂಡಿದ ಬ್ಲಾಟಿಂಗ್ ಪೇಪರ್ ಇಟ್ಟು ಅರ್ಧ ಗಂಟೆ ಕಾಯಿರಿ, ತನ್ನಷ್ಟಕ್ಕೆ ಏಳ್ತದೆ, ಎಳೀಬೇಡಿ. ಪೆನ್ಸಿಲ್ ನೀರಿಗೆ ಹೋಗಲ್ಲ, ಪೆನ್ನಿನ ಇಂಕ್ ಹೋಗ್ತದೆ, ಹಾಗಾಗಿ ಇಂಕ್ ಕಂಡ್ರೆ ಅಲ್ಲಿಗೇ ನಿಲ್ಲಿಸಿ. ಆಮೇಲೆ ಎರಡು ಬ್ಲಾಟಿಂಗ್ ಪೇಪರ್ ಮಧ್ಯೆ ಇಟ್ಟು ಮೇಲೆ ಭಾರ ಹಾಕಿ ಒಣಗಿಸಿ. ಒಂದು ಎಚ್ಚರಿಕೆ, ಮರದ ಪೊಟ್ಟಣದ ಲೇಬಲ್ ಅಂದ್ರೆ ಮೇಲೆ ಪ್ರತ್ಯೇಕ ಅಂಟಿಸಿದ ಕಾಗದ, ಆಮೇಲಿನ ರಟ್ಟಿನ ಪೊಟ್ಟಣದಲ್ಲಿ ರಟ್ಟಿನ ಮೇಲೆಯೇ ಪ್ರಿಂಟ್ ಇರ್ತದೆ, ಅದು ನೆನೆದ್ರೆ ಪದರ ಪದರ ಬಿಚ್ಕೊಳ್ತದೆ. ಅಪ್ಪ ಕತ್ತರಿಸಿ ಅಂಟಿಸಿದ ರಟ್ಟು ಇದ್ರೆ ಹಾಗೇ ಬಿಡಿ. ಮತ್ತೆ ಮಳೆಗಾಲ ಮುಗಿಯೋವರೆಗೆ ಈ ಕೆಲಸಕ್ಕೆ ಕೈ ಹಾಕ್ಬೇಡಿ, ಮುಂಬೈ ಗಾಳಿಲಿ ಒಣಗೋದೇ ಇಲ್ಲ, ಬೂಷ್ಟು ಬರ್ತದೆ.

ಕಾಲ ಗೊತ್ತಾಗ್ಬೇಕಾದ್ರೆ ಬೆಲೆ ನೋಡಿ. ನಯೇ ಪೈಸೆ ಅಂತ ಇದ್ರೆ 1957ರಿಂದ 64ರ ಆಸುಪಾಸಿನದು, 50 ಪೈಸೆ ಇದ್ರೆ 2007ಕ್ಕಿಂತ ಮುಂಚಿನದು. 1 ರೂಪಾಯಿಯಿಂದ 2 ಆದದ್ದು 2021ರ ಡಿಸೆಂಬರಲ್ಲಿ. ನೀವು ಹೇಳಿದ ಹಡಗಿನದ್ದು ವಿಮ್ಕೊ ಅನ್ನೋ ಬೆಂಕಿಪೊಟ್ಟಣ ಕಂಪನಿಯದ್ದೇ ಇರ್ಬೇಕು, ಸ್ವೀಡನ್ ಕಂಪನಿಯವ್ರು 1923ರಲ್ಲಿ ಶುರು ಮಾಡಿದ್ದು, ಫ್ಯಾಕ್ಟರಿ ನಿಮ್ಮ ಪಕ್ಕದ ಅಂಬರ್‌ನಾಥದಲ್ಲೇ ಇತ್ತು.

ಪುಣೆದಾಗಿನ ಧಾರವಾಡದಾಕಿ

ಅಣ್ಣಾರ, ಮಾರಬ್ಯಾಡ್ರಿ. ರೇಟ್ ಕೊಡೋರು ಚಂದ ಇದ್ದ ಹತ್ತು ಚಿತ್ರ ಆರಿಸ್ಕೊಂಡು ಉಳಿದದ್ದು ರದ್ದಿಗೆ ಹಾಕ್ತಾರ, ಆಮ್ಯಾಲೆ ನಿಮ್ಮಪ್ಪಾರು ಒಂದು ಪುಟದಾಗ ಯಾವುದರ ಪಕ್ಕ ಯಾವುದು ಇಟ್ಟಿದ್ರು ಅನ್ನೋದ ಹೋಗಿಬಿಡ್ತದ.

ಇಲ್ಲಿ ಬಾಜೀರಾವ್ ರೋಡಿನಾಗ ಕೇಳಕರ್ ಮ್ಯೂಸಿಯಂ ಅದ, ಒಂದ್ಸಲ ಬಂದು ನೋಡ್ರಿ. ದಿನಕರ ಕೇಳಕರ್ ಅನ್ನೋರು ಚಷ್ಮಾ ವ್ಯಾಪಾರ ಮಾಡ್ತಿದ್ರು, ಅವರ ಸಣ್ಣ ಮಗ ರಾಜಾ ತೀರ್ಕೊಂಡ, ಅವನ ಹೆಸರಿನಾಗ ಈ ಸಂಗ್ರಹ. ಚಿನ್ನ ಬೆಳ್ಳಿ ಅಲ್ರಿ, ದೀಪ, ಬೀಗ, ಮಸಿಕುಡಿಕಿ, ಅಡಕೊತ್ತು! ಅಡಕೊತ್ತಿನ ಕಪಾಟಿನ ಮುಂದ ನಾ ಅರ್ಧ ತಾಸು ನಿಂತಿದ್ದೆ, ಒಂದು ಕುದುರಿ ಆಕಾರದ್ದು, ಒಂದು ಗಂಡ ಹೆಂಡತಿ ಕೂಡಿ ನಿಂತಂಗ, ಬಾಯಿ ಮುಚ್ಚಿದ್ರ ಇಬ್ಬರೂ ಹತ್ರ ಬರ್ತಾರ. ನಮ್ಮ ಅಜ್ಜಿ ಎಲೆ ಅಡಿಕೆ ಚೀಲದಾಗ ಇದ್ದ ಸಾದಾ ಅಡಕೊತ್ತು ನೆನಪಾಗಿ ಕಣ್ಣಾಗ ನೀರು ಬಂತು. 20 ಸಾವಿರದ ಮ್ಯಾಲೆ ವಸ್ತು ಅದಾವ ಅಲ್ಲೆ, 1975ರಾಗ ಎಲ್ಲಾ ಸರ್ಕಾರಕ್ಕ ಕೊಟ್ರು. ಒಂದೊಂದಾಗಿ ಮಾರಿದ್ರ ಅವು ಬರೇ ಹಳೇ ಸಾಮಾನು ಆಗ್ತಿದ್ವು.

ವಾಸ್ಕೊ ಕಾರವಾರಿ

ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮ ಗೋವಾದ ಬೆನಾಲಿಮ್‌ನಲ್ಲಿ ವಿಕ್ಟರ್ ಹ್ಯೂಗೊ ಗೋಮ್ಸ್ ಅವರ ಗೋವಾ ಚಿತ್ರ ಮ್ಯೂಸಿಯಂ ಇದೆ, ನೇಗಿಲು, ಗಾಣ, ಕೊಳಗ, ಎಲ್ಲ ಜನ ಬಿಸಾಡ್ತಿದ್ದ ಸಾಮಾನೇ. ಅದನ್ನ ನೋಡಿ ಬಂದ್ಮೇಲೆ ನಂಗೆ ಅನಿಸಿದ್ದು, ಸಾಮಾನಿಗಿಂತ ಅದನ್ನ ಬಳಸಿದವ್ರ ಮಾತು ಬೇಗ ಹೋಗ್ತದೆ. ನಿಮ್ಮ ಅಮ್ಮ ಇದ್ದಾರಾ, ಅಪ್ಪನ ಜೊತೆ ಕೆಲಸ ಮಾಡಿದವ್ರು ಯಾರಾದ್ರೂ ಊರಲ್ಲಿ ಇದ್ದಾರಾ? ಪುಸ್ತಕ ಮುಂದಿಟ್ಟು ಮಾತಾಡ್ಸಿ, ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ. ಒಂದೂ ಬಿಡಿಸೋಕೆ ಮುಂಚೆ ಪ್ರತಿ ಪುಟದ ಫೋಟೊ ತೆಗೀರಿ.

ಡೊಂಬಿವಿಲಿಯವ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪುಟದ ಫೋಟೊ ಎಲ್ಲ ತೆಗೆದಾಯ್ತು. ಮಳೆಗಾಲ ಮುಗಿಯೋವರೆಗೆ ಕಾಯ್ಬೇಕು ಅಂದಿದ್ರಿ, ಆದ್ರೆ ತಡೀಲಿಕ್ಕೆ ಆಗ್ಲಿಲ್ಲ, ಹಡಗಿನ ಡೂಪ್ಲಿಕೇಟ್ ಆರು ಇದ್ದದ್ರಲ್ಲಿ ಒಂದನ್ನ ನೀವು ಹೇಳಿದ ಹಾಗೇ ಬ್ಲಾಟಿಂಗ್ ಪೇಪರ್ ಇಟ್ಟು ಎಬ್ಬಿಸಿದೆ, ಫ್ಯಾನ್ ಕೆಳಗೆ ಎರಡು ದಿನ ಬೇಕಾಯ್ತು ಒಣಗ್ಲಿಕ್ಕೆ. ಹಿಂದೆ ಬರೆದದ್ದು, "ಟೇಬಲ್ 4, ಊರಿನವರು, ಚಾ ದುಡ್ಡು ತಗೊಳ್ಳಲಿಲ್ಲ."

ಅಮ್ಮನಿಗೆ ತೋರಿಸಿದೆ. ಕನ್ನಡಕ ಹಾಕ್ಕೊಂಡು ಎರಡು ಸಲ ಓದಿ, "ಅದು ನನ್ನ ಅಪ್ಪಯ್ಯ, ಹುಡುಗನ್ನ ನೋಡ್ಲಿಕ್ಕೆ ಬಂದದ್ದು" ಅಂದ್ರು. ಅವರ ಮಾತು ಈಗ ರೆಕಾರ್ಡ್ ಆಗ್ತಾ ಇದೆ, ಉಳಿದ 411 ದೀಪಾವಳಿ ಆದ್ಮೇಲೆ ಶುರು ಮಾಡ್ತೇನೆ.