ಮಿಲ್ಟನ್ ಚಂಡಮಾರುತ ಬರುವ ಮುಂಚೆ: ಮನೆ ಬಿಡುವವರ ಪ್ರಶ್ನೆ, ಡಾಕ್ಟರ್ ಉತ್ತರ

2024ರ ಅಕ್ಟೋಬರ್ 8, ಮಂಗಳವಾರ. ಅಮೆರಿಕದ ಫ್ಲೋರಿಡಾದ ಟ್ಯಾಂಪಾ ಸುತ್ತಮುತ್ತಲಿನ ಕನ್ನಡಿಗರ ಚಾಟ್ ಗುಂಪು. ಬರೆಯುವವರನ್ನು ಅವರವರ ಊರಿನ ಹೆಸರಿನಿಂದ ಗುರುತಿಸಿದೆ.

ಡಾಕ್ಟರ್: ನಾನು ಎಮರ್ಜೆನ್ಸಿ ವಿಭಾಗದಲ್ಲಿದ್ದೇನೆ. ಸಂಜೆ ಡ್ಯೂಟಿ ಶುರುವಾಗುವ ತನಕ ಉತ್ತರಿಸುತ್ತೇನೆ. ಮಿಲ್ಟನ್ ನಾಳೆ ರಾತ್ರಿ ದಡಕ್ಕೆ ಬರುತ್ತದೆ ಅಂತಿದ್ದಾರೆ. ಹೊರಡುವವರು ಇವತ್ತೇ ಹೊರಡಿ.

ಬ್ರಾಂಡನ್: ಅಮ್ಮನ ಇನ್ಸುಲಿನ್ ದಾರೀಲಿ ಹೇಗೆ ಇಡೋದು ಮೇಡಂ?

ಡಾಕ್ಟರ್: ಈಗ ಬಳಸುತ್ತಿರುವ ಪೆನ್ನು 30 ಡಿಗ್ರಿ ಒಳಗಿದ್ದರೆ ಸಾಮಾನ್ಯವಾಗಿ 28 ದಿನ ಹೊರಗೇ ಇರಬಹುದು. ತೆರೆಯದ್ದನ್ನು ಟವೆಲ್‌ನಲ್ಲಿ ಸುತ್ತಿ ಐಸ್ ಬಾಕ್ಸಿನಲ್ಲಿಡಿ. ಐಸ್ ನೇರವಾಗಿ ತಾಗಬಾರದು. ಹೆಪ್ಪುಗಟ್ಟಿದ್ದನ್ನು ಬಿಸಾಡಿ. ಕಾರಿನಲ್ಲೇ ಬಿಟ್ಟು ಊಟಕ್ಕೆ ಇಳಿಯಬೇಡಿ.

ಲಟ್ಜ್: ಮಾವನ ಬಿಪಿ ಮಾತ್ರೆ ನಾಲ್ಕೇ ಉಳಿದಿದೆ. ರೀಫಿಲ್ ದಿನ ಇನ್ನೂ ಬಂದಿಲ್ಲ.

ಡಾಕ್ಟರ್: ಎಮರ್ಜೆನ್ಸಿ ಘೋಷಣೆ ಆಗಿದೆ. ಫ್ಲೋರಿಡಾ ಕಾನೂನಿನ ಪ್ರಕಾರ ಈಗ ಮುಂಚೆಯೇ 30 ದಿನದ ಮಾತ್ರೆ ಕೊಡಬಹುದು. ಫಾರ್ಮಸಿ ಮುಚ್ಚುವ ಮುಂಚೆ ಹೋಗಿ.

ಸೇಂಟ್ ಪೀಟರ್ಸ್‌ಬರ್ಗ್: ಅಪ್ಪನಿಗೆ 74. ಸಿಒಪಿಡಿ (ಉಸಿರಾಟ ಕಷ್ಟವಾಗುವ ಶ್ವಾಸಕೋಶದ ಕಾಯಿಲೆ) ಇದೆ, ರಾತ್ರಿ ಆಕ್ಸಿಜನ್ ಮೆಷಿನ್ ಬೇಕು. ನಮ್ಮನೆ ಇರೋದು ಜೋನ್ ಎ, ಅಂದ್ರೆ ನೀರು ನುಗ್ಗುವ ಭಯಕ್ಕೆ ಮೊದಲು ಖಾಲಿ ಮಾಡಿಸೋ ಜಾಗ. ಆದ್ರೆ ಮೂರನೇ ಮಹಡಿ. ನೀರು ಅಲ್ಲಿಗೆ ಬರಲ್ಲ ಅಲ್ವಾ? ಅಪ್ಪ ಹೊರಡಲ್ಲ ಅಂತ ಕೂತಿದ್ದಾರೆ.

ಡಾಕ್ಟರ್: ನೀರು ಮೂರನೇ ಮಹಡಿಗೆ ಬರದಿರಬಹುದು. ಆದರೆ ಕರೆಂಟು ಹೋಗುತ್ತದೆ, ಮೆಷಿನ್ ನಿಲ್ಲುತ್ತದೆ, ಲಿಫ್ಟೂ ಇರಲ್ಲ. ಗಾಳಿ ಜೋರಾದ ಮೇಲೆ ಆಂಬುಲೆನ್ಸ್ ಹೊರಡುವುದಿಲ್ಲ. ನೀವು ಫೋನ್ ಮಾಡಿದರೂ ಗಾಳಿ ಇಳಿಯುವ ತನಕ ಯಾರೂ ಬರಲ್ಲ. ಉಸಿರು ಸಿಗದ ಅಪ್ಪನನ್ನು ಕತ್ತಲಲ್ಲಿ ಮೆಟ್ಟಿಲಿಳಿಸಿದರೆ ಕೆಳಗೆ ರಸ್ತೆಯೇ ಇರಲ್ಲ.

ಈಗಲೇ ಕೌಂಟಿಗೆ (ಸ್ಥಳೀಯ ಆಡಳಿತಕ್ಕೆ) ಫೋನ್ ಮಾಡಿ, ಸ್ಪೆಷಲ್ ನೀಡ್ಸ್ ಶೆಲ್ಟರ್, ಅಂದರೆ ವೈದ್ಯಕೀಯ ನೆರವು ಬೇಕಾದವರ ಆಶ್ರಯ ತಾಣ ಕೇಳಿ. ಅಲ್ಲಿ ಜನರೇಟರ್ ಇರುತ್ತದೆ. ನೀವೂ ಜೊತೆಗಿರಬೇಕು. ಒರ್ಲ್ಯಾಂಡೊದಲ್ಲಿ ನೆಂಟರಿದ್ದರೆ ಅದೂ ಆಗುತ್ತದೆ, ಆದರೆ ಅಲ್ಲೂ ಕರೆಂಟು ಹೋಗಬಹುದು. ಆಕ್ಸಿಜನ್ ಕಂಪನಿಯವರಿಂದ ಸಿಲಿಂಡರ್ ತರಿಸಿಕೊಳ್ಳಿ. ಡಿಕ್ಕಿಯಲ್ಲಿ ಬೇಡ. ಸೀಟಿಗೆ ನೆಟ್ಟಗೆ ಬೆಲ್ಟ್ ಕಟ್ಟಿ, ಕಿಟಕಿ ಸ್ವಲ್ಪ ಇಳಿಸಿ. ದಾರಿಯಲ್ಲಿ ಮೂತ್ರಕ್ಕೆ ಹೋಗಬೇಕಾಗುತ್ತದೆ ಅಂತ ವಯಸ್ಸಾದವರು ನೀರು ಕುಡಿಯಲ್ಲ, ಮೂತ್ರ ಹೆಚ್ಚಿಸುವ ಮಾತ್ರೆಯನ್ನೂ ಬಿಡುತ್ತಾರೆ. ಬಿಡಲು ಬಿಡಬೇಡಿ. ಎರಡು ಗಂಟೆಗೊಮ್ಮೆ ಇಳಿಸಿ ನಡೆಸಿ.

ಪಾಮ್ ಹಾರ್ಬರ್: ಫಾರ್ವರ್ಡ್ ಬಂದಿದೆ. ಕರ್ಪೂರ, ಲವಂಗ, ಓಮ ಬಟ್ಟೇಲಿ ಕಟ್ಟಿ ಮೂಸಿದರೆ ಆಕ್ಸಿಜನ್ ಏರುತ್ತಂತೆ. ಅಂಕಲ್‌ಗೆ ಕೊಡಿ.

ಡಾಕ್ಟರ್: ಏರಲ್ಲ. ಕೋವಿಡ್ ಸಮಯದಲ್ಲಿ, 2021ರಲ್ಲಿ ಇದೇ ಗಂಟನ್ನು ಮೂಸುತ್ತಾ ಆಸ್ಪತ್ರೆಗೆ ತಡವಾಗಿ ಬಂದವರನ್ನು ಕಂಡಿದ್ದೇನೆ. ಕರ್ಪೂರ ಸಿಕ್ಕಾಪಟ್ಟೆ ಬೇಗ ಹೊತ್ತಿಕೊಳ್ಳುತ್ತದೆ. ಆಕ್ಸಿಜನ್ ಪೈಪಿನ ಹತ್ತಿರ ಅದನ್ನು ತರಲೇಬೇಡಿ. ದಯವಿಟ್ಟು ಅಳಿಸಿ.

ಹ್ಯೂಸ್ಟನ್‌ನಿಂದ ಬಂದವರು: 2005ರಲ್ಲಿ ರೀಟಾ ಚಂಡಮಾರುತ ಬಂದಾಗ ನಾನು ಹ್ಯೂಸ್ಟನ್‌ನಲ್ಲಿದ್ದೆ. ರಸ್ತೆಯಲ್ಲೇ ಇಡೀ ದಿನ ಕಳೆದೆವು. ಡಲ್ಲಾಸ್ ಹತ್ತಿರ ವೃದ್ಧಾಶ್ರಮದ ಬಸ್ಸಿಗೆ ಬೆಂಕಿ ಬಿದ್ದು 23 ಜನ ಸತ್ತರು. ಒಳಗೆ ಆಕ್ಸಿಜನ್ ಸಿಲಿಂಡರ್ ಇತ್ತು. ಮನೇಲಿರೋದೇ ವಾಸಿ.

ಕ್ಲಿಯರ್‌ವಾಟರ್: ಹೆದರಿಸಬೇಡಿ ಸಾರ್. ಹೋದ ತಿಂಗಳು ಹೆಲೀನ್ ಚಂಡಮಾರುತ 150 ಕಿಲೋಮೀಟರಿಗಿಂತ ದೂರದಲ್ಲಿ ಹೋಯಿತು. ಆದರೂ ಕೊಲ್ಲಿಯ ನೀರು 6 ಅಡಿಗಿಂತ ಮೇಲೇರಿತು. ನಮ್ಮ ಬೀದಿಯ ಒದ್ದೆ ಹಾಸಿಗೆಗಳು ಇನ್ನೂ ಹೊರಗೆ ಬಿದ್ದಿವೆ. ಈ ಸಲ 10ರಿಂದ 15 ಅಡಿ ಅಂತಿದ್ದಾರೆ.

ಹ್ಯೂಸ್ಟನ್‌ನಿಂದ ಬಂದವರು: ಅನುಭವ ಹೇಳಿದೆ. ಕಲಿಸಲು ಬರಬೇಡಿ.

ಕ್ಲಿಯರ್‌ವಾಟರ್: ಇನ್ನೊಬ್ಬರ ಅಪ್ಪನ ಜೀವದ ವಿಷಯ ಇದು!

ಡಾಕ್ಟರ್: ಇಬ್ಬರೂ ನಿಲ್ಲಿಸಿ. ಆ ಬಸ್ಸಿನ ಚಕ್ರದ ಬೇರಿಂಗಿಗೆ ಗ್ರೀಸ್ ಇರಲಿಲ್ಲ. ಅದು ಕಾದು ಬೆಂಕಿ ಹತ್ತಿತು, ಸಿಲಿಂಡರ್ ಬೆಂಕಿಯನ್ನು ಹೆಚ್ಚಿಸಿತು. ಹಾಗಂತ ಜೋನ್ ಎ‌ಯಲ್ಲಿ ಕೂರಬೇಕು ಅಂತಲ್ಲ. ನೂರಾರು ಮೈಲಿ ಓಡಬೇಕಿಲ್ಲ. ನೀರು ಬರದ ಜೋನಿಗೆ, ಗಟ್ಟಿ ಕಟ್ಟಡಕ್ಕೆ ಹೋದರೆ ಸಾಕು.

ವೆಸ್ಲಿ ಚಾಪೆಲ್: ನಮ್ಮನೇಲಿ ನಾಯಿ ಇದೆ. ಶೆಲ್ಟರಿನಲ್ಲಿ ಬಿಡ್ತಾರಾ?

ರಿವರ್‌ವ್ಯೂ: ಕಿಟಕಿಗೆ ಟೇಪ್ ಹಚ್ಚಬೇಕಾ? ಇನ್ಸುಲಿನ್ ಐಸಲ್ಲಿ ಇಡಬಹುದಾ?

ಡಾಕ್ಟರ್: ಟೇಪಿನಿಂದ ಉಪಯೋಗವಿಲ್ಲ. ಇನ್ಸುಲಿನ್ ಬಗ್ಗೆ ಮೇಲೆ ಬರೆದಿದ್ದೇನೆ, ಓದಿ.

ಪಾಮ್ ಹಾರ್ಬರ್: ಡಾಕ್ಟ್ರು ಸ್ವಲ್ಪ ಮೃದುವಾಗಿ ಹೇಳಬಹುದಿತ್ತು.

ಡಾಕ್ಟರ್: ಸಮಯ ಇಲ್ಲ. ಜನರೇಟರ್ ಇರುವವರು ಅದನ್ನು ಮನೆಯಿಂದ 20 ಅಡಿ ದೂರ, ಹೊರಗೇ ಇಡಿ. ಗ್ಯಾರೇಜಿನಲ್ಲಿ ಬೇಡ, ಬಾಗಿಲು ತೆರೆದಿದ್ದರೂ ಬೇಡ. ಆ ಹೊಗೆಯ ವಿಷಕ್ಕೆ ವಾಸನೆ ಇಲ್ಲ. ಸೇಂಟ್ ಪೀಟರ್ಸ್‌ಬರ್ಗ್‌ನವರೇ, ಫೋನ್ ಮಾಡಿದಿರಾ?

ಸೇಂಟ್ ಪೀಟರ್ಸ್‌ಬರ್ಗ್: ಮಾಡಿದೆ ಮೇಡಂ. ಶೆಲ್ಟರಿನಲ್ಲಿ ಜಾಗ ಇದೆಯಂತೆ. ಅಪ್ಪ ಚಪ್ಪಲಿ ಹಾಕಿಕೊಂಡು ಬಾಗಿಲ ಹತ್ತಿರ ಕೂತಿದ್ದಾರೆ.

ಡಾಕ್ಟರ್: ಮೆಷಿನ್ ಮೊದಲು ಕಾರಿಗೆ ಇಡಿ. ನಾನು ಡ್ಯೂಟಿಗೆ ಹೊರಟೆ.

ವೆಸ್ಲಿ ಚಾಪೆಲ್: ನಾಯಿ ಬಗ್ಗೆ ಯಾರಿಗಾದರೂ ಗೊತ್ತಾ?