ನಾಟಕದ ಪ್ರಚಾರ ಮಂತ್ರಿ ಕಿರುಚುವುದು ಬಿಟ್ಟು ಬೇರೆ ಏನು ಮಾಡಬೇಕು?

ಪ್ರಶ್ನೆ (ಹವ್ಯಾಸಿ ನಾಟಕಕಾರ, ಶಿವಮೊಗ್ಗ):

ನಾನು ಬರೆಯುತ್ತಿರುವ ನಾಟಕ ಹೆಸರಿಲ್ಲದ ಒಂದು ದೇಶದ್ದು. ಅಲ್ಲಿ ಒಂದೇ ಪಕ್ಷ, ಒಬ್ಬನೇ ನಾಯಕ. ಮುಖ್ಯ ಪಾತ್ರ ಅವನ ಪ್ರಚಾರ ಮಂತ್ರಿ. ಮೊದಲ ದೃಶ್ಯದಲ್ಲೇ ವೇದಿಕೆ ಹತ್ತಿ ಹನ್ನೆರಡು ನಿಮಿಷ ಭಾಷಣ ಬಿಗಿಯುತ್ತಾನೆ. ಮೇಜು ಗುದ್ದುತ್ತಾನೆ, ಕಿರುಚುತ್ತಾನೆ. ಪಾತ್ರ ಮಾಡುವ ಹುಡುಗನಿಗೂ ಅದೇ ಇಷ್ಟ.

ಹೋದ ಭಾನುವಾರ ಅಮ್ಮ ರಿಹರ್ಸಲ್ ನೋಡಲು ಬಂದಿದ್ದಳು. ಮುಗಿದ ಮೇಲೆ ಟೀ ಕುಡಿಯುತ್ತಾ ಕೇಳಿದಳು: "ಮುಖ ನೋಡಿದ್ರೇನೇ ಸುಳ್ಳ ಅಂತ ಗೊತ್ತಾಗುತ್ತಲ್ಲೋ. ಇಂಥವನನ್ನ ಇಡೀ ದೇಶ ಹೇಗೆ ನಂಬ್ತು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡು ರಾತ್ರಿ ನಿದ್ದೆ ಬಂದಿಲ್ಲ. ನೋಡಿದವರು "ನಾನಾಗಿದ್ರೆ ನಂಬ್ತಿರಲಿಲ್ಲ" ಅಂದುಕೊಂಡು ನೆಮ್ಮದಿಯಿಂದ ಮನೆಗೆ ಹೋದರೆ ನಾಟಕ ಸೋತ ಹಾಗೆ. ಜರ್ಮನಿಯಲ್ಲಿ ಹಿಟ್ಲರನ ಪ್ರಚಾರ ಮಂತ್ರಿಯಾಗಿದ್ದ ಗೊಬೆಲ್ಸ್ ಬಗ್ಗೆ ಓದಿದವರು ದಯವಿಟ್ಟು ಹೇಳಿ. ಭಾಷಣ ಇಲ್ಲದ ದಿನ ಅವನ ಆಫೀಸಿನಲ್ಲಿ ಏನು ಕೆಲಸ ನಡೆಯುತ್ತಿತ್ತು?

ಉತ್ತರ 1 (ನಿವೃತ್ತ ಉಪಸಂಪಾದಕ):

ಅಮ್ಮನ ಪ್ರಶ್ನೆ ಸರಿಯಾಗಿದೆ. ನಾನು ಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಮಾಡಿದವನು, ಹಾಗಾಗಿ ಈ ಭಾಗ ನನ್ನನ್ನು ಜಾಸ್ತಿ ಕಾಡಿದೆ.

ಅವನ ಇಲಾಖೆ ಶುರುವಾಗಿದ್ದು 1933ರ ಮಾರ್ಚ್‌ನಲ್ಲಿ. ಅದೇ ಅಕ್ಟೋಬರ್‌ನಲ್ಲಿ ಪತ್ರಕರ್ತರಿಗೆ ಹೊಸ ಕಾನೂನು ಬಂತು. ಅಧಿಕೃತ ಪಟ್ಟಿಯಲ್ಲಿ ಹೆಸರಿದ್ದವರು ಮಾತ್ರ ಪತ್ರಿಕೆಯ ಕೆಲಸ ಮಾಡಬೇಕು. ಯಹೂದಿಗಳಿಗೆ ಆ ಪಟ್ಟಿಯಲ್ಲಿ ಜಾಗ ಇಲ್ಲ. ಉಳಿದವರಿಗೆ ಬರ್ಲಿನ್‌ನಲ್ಲಿ ದಿನಾ ಒಂದು ಸಭೆ. ಯಾವ ಸುದ್ದಿ ಹಾಕಬೇಕು, ಯಾವುದು ಬೇಡ, ಯಾವುದು ಎಷ್ಟು ದೊಡ್ಡದಾಗಿ ಬರಬೇಕು, ಯಾವ ಪದ ಬಳಸಬಾರದು, ಎಲ್ಲವನ್ನೂ ಅಲ್ಲೇ ಹೇಳಿಬಿಡುತ್ತಿದ್ದರು. ಬರೆದುಕೊಂಡ ಚೀಟಿಯನ್ನು ಆಮೇಲೆ ನಾಶ ಮಾಡಬೇಕಿತ್ತು. ಕೆಲವರು ಅಪಾಯ ಇದ್ದರೂ ಬಚ್ಚಿಟ್ಟರು. ಇವತ್ತು ನಮಗೆ ಆ ಸೂಚನೆಗಳು ಸಿಕ್ಕಿರುವುದು ಅವರಿಂದ.

ಸುದ್ದಿಯೊಂದನ್ನು ಸಾಯಿಸಲು ಸುಳ್ಳು ಬರೆಯಲೇಬೇಕು ಅಂತಿಲ್ಲ ಸರ್. ಒಳಪುಟದ ಕೆಳಮೂಲೆಗೆ, ಸಿಂಗಲ್ ಕಾಲಂಗೆ ಇಳಿಸಿದರೆ ಸಾಕು. ನಿಮ್ಮ ಮಂತ್ರಿಯನ್ನು ಮೇಜಿನ ಮುಂದೆ ಕೂರಿಸಿ.

ಉತ್ತರ 2 (ಜರ್ಮನ್ ಕಲಿಸುವವಳು, ಮೈಸೂರು):

ರೇಡಿಯೊವನ್ನು ಮರೆಯಬೇಡಿ. 1933ರಲ್ಲೇ ಅವರು ಅಗ್ಗದ ಸೆಟ್ ಒಂದನ್ನು ತಂದರು, 76 ಮಾರ್ಕ್. ಹೆಸರು ವಿಇ 301. ಹಿಟ್ಲರ್ ಅಧಿಕಾರಕ್ಕೆ ಬಂದ ಜನವರಿ 30ರ ನೆನಪಿಗೆ ಆ ಅಂಕಿ. 1938ರಲ್ಲಿ ಇನ್ನೂ ಚಿಕ್ಕದು ಬಂತು, 35 ಮಾರ್ಕ್‌ಗೆ. ಜನ ಅದನ್ನು "ಗೊಬೆಲ್ಸ್ ಮೂತಿ" ಅಂತ ಕರೆಯುತ್ತಿದ್ದರು.

1939ರ ಸೆಪ್ಟೆಂಬರ್‌ನಲ್ಲಿ ಯುದ್ಧ ಶುರುವಾದ ಕೂಡಲೇ ವಿದೇಶಿ ಸ್ಟೇಷನ್ ಕೇಳುವುದು ಅಪರಾಧ ಆಯಿತು. ಒಂದು ಸಣ್ಣ ರಟ್ಟಿನ ಚೀಟಿ ಮಾಡಿದರು, ನಡುವೆ ತೂತು. ಸ್ಟೇಷನ್ ತಿರುಗಿಸುವ ಗುಂಡಿಗೆ ಅದನ್ನು ಸಿಕ್ಕಿಸಬೇಕು. ವಿದೇಶಿ ಸ್ಟೇಷನ್ ಕೇಳಿದರೆ ಜೈಲು ಅಂತ ಅದರಲ್ಲಿ ಬರೆದಿತ್ತು. ಯೋಚಿಸಿ, ನಮ್ಮದೇ ಮನೆ, ನಮ್ಮದೇ ರೇಡಿಯೊ, ಬೆರಳು ಇಡುವ ಜಾಗದಲ್ಲೇ ಆ ಚೀಟಿ. ಆದರೂ ಎಷ್ಟೋ ಜನ ಕಂಬಳಿ ಹೊದ್ದುಕೊಂಡು, ದನಿ ಸಣ್ಣ ಮಾಡಿ ಲಂಡನ್ ಕೇಳಿದರು.

ಇನ್ನೊಂದು ಮಾತು. 1933ರಲ್ಲಿ ರೇಡಿಯೊ ಅಧಿಕಾರಿಗಳನ್ನು ಕೂರಿಸಿಕೊಂಡು ಗೊಬೆಲ್ಸ್ ಹೇಳಿದ ಮುಖ್ಯ ವಿಷಯ, ಕೇಳುವವರಿಗೆ ಬೇಜಾರು ಹಿಡಿಸಬೇಡಿ ಅಂತ. ಯುದ್ಧಕಾಲದಲ್ಲಿ ಮನೆಮನೆಯಲ್ಲೂ ಕೇಳುತ್ತಿದ್ದ ಕಾರ್ಯಕ್ರಮ ಅಂದರೆ ಸೈನಿಕರ ಕೋರಿಕೆಯ ಸಂಗೀತ. ಅದರಲ್ಲಿ ಮಗು ಹುಟ್ಟಿದ ಸುದ್ದಿಯನ್ನು ದೂರದಲ್ಲಿರುವ ಅಪ್ಪಂದಿರಿಗೆ ಹೆಸರು ಹಿಡಿದು ತಿಳಿಸುತ್ತಿದ್ದರು. ಜೊತೆಗೆ ಮಗು ಅಳುವ ಸದ್ದು. ಅದನ್ನು ಕೇಳಿ ಅತ್ತವರು ದಡ್ಡರೇನಲ್ಲ. ಅಮ್ಮನ ಪ್ರಶ್ನೆಗೆ ಉತ್ತರ ಇಲ್ಲಿದೆ ಅಂತ ನನಗನ್ನಿಸುತ್ತದೆ.

ಪ್ರಶ್ನೆ ಕೇಳಿದವರು:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಮಗು ಅಳುವ ಸದ್ದಿನ ವಿಷಯ ಓದಿ ಸುಮ್ನೆ ಕೂತುಬಿಟ್ಟೆ. ರಾತ್ರಿಯೇ ಮೊದಲ ದೃಶ್ಯ ಹರಿದು ಹಾಕಿ ಹೊಸದಾಗಿ ಬರೆದೆ.

ಭಾಷಣ ಇಲ್ಲ. ಮಂತ್ರಿ ಮೇಜಿನ ಮುಂದೆ ಕೂತಿದ್ದಾನೆ. ಕನ್ನಡಕ ಒರೆಸಿಕೊಳ್ಳುತ್ತಾನೆ, ಗುಮಾಸ್ತನ ಹೆಂಡತಿಯ ಜ್ವರ ವಿಚಾರಿಸುತ್ತಾನೆ. ಗಣಿ ಕುಸಿದು 40 ಜನ ಸತ್ತ ಸುದ್ದಿ ಬರುತ್ತದೆ. ಕೆಂಪು ಪೆನ್ಸಿಲ್ ತಗೊಂಡು ಪಕ್ಕದಲ್ಲಿ "5ನೇ ಪುಟ, ಸಿಂಗಲ್ ಕಾಲಂ" ಅಂತ ಬರೆಯುತ್ತಾನೆ. ಆಮೇಲೆ ರೇಡಿಯೊಗೆ ಬಂದ ಕಾಗದಗಳನ್ನು ಬಿಡಿಸುತ್ತಾನೆ. ಒಬ್ಬಳಿಗೆ ಗಂಡು ಮಗು ಹುಟ್ಟಿದೆ, ಆ ಸುದ್ದಿ ಗಂಡನಿಗೆ ಮುಟ್ಟಬೇಕಂತೆ. ಓದುತ್ತಾ ಅವನ ಕಣ್ಣು ಒದ್ದೆಯಾಗುತ್ತದೆ, ನಿಜವಾಗಿಯೂ. "ಇವತ್ತೇ ಓದಿಸಿ" ಅನ್ನುತ್ತಾನೆ. ಅವಳ ಗಂಡ ಇರುವುದು ಅದೇ ಗಣಿಯಲ್ಲಿ.

ಅಮ್ಮನಿಗೆ ಓದಿ ಹೇಳಿದೆ. ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ "ಆ ಮಗುಗೆ ಏನು ಹೆಸರಿಟ್ರು?" ಅಂತ ಕೇಳಿದಳು.

ಈಗ ಒಂದು ಹಳೇ ರೇಡಿಯೊ ಬೇಕು. ಗುಂಡಿ ದೊಡ್ಡದಿರಬೇಕು, ಚೀಟಿ ಸಿಕ್ಕಿಸುವುದು ಹಿಂದಿನ ಸಾಲಿನವರಿಗೂ ಕಾಣಬೇಕು.

ಉತ್ತರ 3 (ಭದ್ರಾವತಿ):

ನಮ್ಮ ಅಟ್ಟದಲ್ಲಿ ಅಜ್ಜನ ಕಾಲದ ವಾಲ್ವ್ ರೇಡಿಯೊ ಇದೆ. ಹಾಡುವುದಿಲ್ಲ, ಆದರೆ ಎರಡೂ ಗುಂಡಿ ಗಟ್ಟಿಯಾಗಿವೆ. ಶನಿವಾರ ಬಂದು ತಗೊಂಡು ಹೋಗಿ. ಭಾರ ಇದೆ, ಜೊತೆಗೆ ಒಬ್ಬರನ್ನು ಕರೆದುಕೊಂಡು ಬನ್ನಿ.